ಚಿಟಿಕೆ ಇಂಗು ಸಾಕು: ನಿಮ್ಮ ಊರಿನಲ್ಲಿ ಸೀಲಿಯಾಕ್ ಬಗ್ಗೆ ತಿಳಿಸುವುದು ಹೇಗೆ

"ಒಂಚೂರು ತಿಂದ್ರೆ ಏನಾಗಲ್ಲ ಬಿಡ್ರೀ."

ನನ್ನ ಮಗನಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆ, ಇದೆ ಅಂತ ಗೊತ್ತಾದ ಮೇಲೆ ನಾನು ಅತಿ ಜಾಸ್ತಿ ಕೇಳಿದ ಮಾತು ಇದು. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಹೇಳಿದ್ದಾರೆ. ಪೂಜೆಯಲ್ಲಿ ಪ್ರಸಾದ ಕೊಡುವವರು ಹೇಳಿದ್ದಾರೆ. ಯಾರಲ್ಲೂ ಕೆಟ್ಟ ಮನಸ್ಸಿಲ್ಲ. ಮಗುವಿಗೆ ಸಿಹಿ ತಪ್ಪಬಾರದು ಅನ್ನುವ ಪ್ರೀತಿ, ಅಷ್ಟೆ.

ನಮ್ಮದು ದಾವಣಗೆರೆ. ಬೆಣ್ಣೆ ದೋಸೆ, ಮಂಡಕ್ಕಿ, ಜೋಳದ ರೊಟ್ಟಿ, ರಾಗಿ ಮುದ್ದೆ ಎಲ್ಲ ಸಿಗುವ ಊರು. ಗೋಧಿ ಬಿಟ್ಟು ಬದುಕಲು ಇದಕ್ಕಿಂತ ಒಳ್ಳೆ ಜಾಗ ಇನ್ನೆಲ್ಲಿ ಅಂದುಕೊಂಡಿದ್ದೆ. ನಿಜಕ್ಕೂ ಊಟಕ್ಕೆ ಅಂಥ ತೊಂದರೆ ಆಗಲಿಲ್ಲ. ಜನರಿಗೆ ಅರ್ಥ ಮಾಡಿಸುವುದರಲ್ಲಿ ಮಾತ್ರ ಸುಸ್ತಾಯಿತು. ಅದಕ್ಕೂ ಮೊದಲು ನಮಗೇ ಅರ್ಥವಾಗಲು ಮೂರು ವರ್ಷ ಬೇಕಾಯಿತು. ರಕ್ತ ಕಡಿಮೆ ಅಂತ ಟಾನಿಕ್ ಕುಡಿಸಿದೆವು. ಜಂತುಹುಳದ ಮಾತ್ರೆ ಕೊಟ್ಟೆವು. ಅತ್ತೆ ದೃಷ್ಟಿ ತೆಗೆದರು. ಕೊನೆಗೆ ಒಬ್ಬ ಡಾಕ್ಟರು ಸರಿಯಾದ ರಕ್ತ ಪರೀಕ್ಷೆ ಬರೆದಾಗ ಅವನಿಗೆ ಒಂಬತ್ತು ವರ್ಷ. ಎರಡು ವರ್ಷ ಚಿಕ್ಕವಳಾದ ತಂಗಿ ಅವನ ಎತ್ತರಕ್ಕೆ ಬಂದಿದ್ದಳು.

ಆಮೇಲೆ ನಾನು ಊರಿನವರಿಗೆ ಹೇಳಲು ಹೊರಟೆ. ಮೊದಲು ಪೋಸ್ಟರ್ ಮಾಡಿಸಿದೆ, ದುಡ್ಡು ದಂಡ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದು ನಿಧಾನಕ್ಕೆ ಗೊತ್ತಾಯಿತು. ನಿಮ್ಮ ಊರಲ್ಲಿ ಈ ಕೆಲಸ ಶುರು ಮಾಡುವುದಿದ್ದರೆ ಕೆಳಗಿನ ಹೆಜ್ಜೆಗಳು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಮೊದಲು ನಿಮಗೆ ಸರಿಯಾಗಿ ಗೊತ್ತಿರಲಿ

ಹೋಳಿಗೆಯ ಕಣಕ ನೆನಪಿಸಿಕೊಳ್ಳಿ. ನಾದಿ, ಎಣ್ಣೆ ಹಾಕಿ ಬಿಟ್ಟರೆ ರಬ್ಬರಿನ ಹಾಗೆ ಎಳೆಯುತ್ತದೆ. ಆ ಎಳೆತಕ್ಕೆ ಕಾರಣ ಗ್ಲುಟೆನ್ ಅನ್ನುವ ಪ್ರೋಟೀನು. ಗೋಧಿಯಲ್ಲಿ ಇದೆ, ಬಾರ್ಲಿಯಲ್ಲಿ ಇದೆ, ನಮ್ಮ ಕಡೆ ಹೆಚ್ಚು ಬಳಸದ ರೈ ಅನ್ನುವ ಧಾನ್ಯದಲ್ಲೂ ಇದೆ. ಮೈದಾ, ರವೆ, ಗೋಧಿ ನುಚ್ಚು, ಶಾವಿಗೆ ಎಲ್ಲ ಗೋಧಿಯ ಮಕ್ಕಳೇ.

ಸೀಲಿಯಾಕ್ ಇರುವವರು ಗ್ಲುಟೆನ್ ತಿಂದರೆ ಅವರ ದೇಹದ ರಕ್ಷಣಾ ಪಡೆಯೇ ತಿರುಗಿಬಿದ್ದು ಸ್ವಂತ ಸಣ್ಣ ಕರುಳಿಗೆ ಹೊಡೆಯುತ್ತದೆ. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ ಥರ ಇರುತ್ತದೆ, ತುಂಬ ಸಣ್ಣ ಸಣ್ಣ ಎಳೆಗಳು. ತಿಂದದ್ದನ್ನು ಮೈಗೆ ಹೀರಿಕೊಳ್ಳುವುದು ಆ ಎಳೆಗಳೇ. ಅವು ಸವೆದು ಹೋದರೆ ಟವೆಲ್ಲು ಹಳೇ ಪಂಚೆಯ ಹಾಗೆ ಬೋಳಾಗುತ್ತದೆ. ಎಷ್ಟು ತಿಂದರೂ ಕಬ್ಬಿಣದ ಅಂಶ, ಕ್ಯಾಲ್ಸಿಯಂ, ವಿಟಮಿನ್ ಮೈಗೆ ಹತ್ತುವುದಿಲ್ಲ. ಇದು ಅಂಟುರೋಗ ಅಲ್ಲ. ಗೋಧಿ ಅಲರ್ಜಿಯೂ ಬೇರೆ, ಇದೂ ಬೇರೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡಬೇಕು, ಬಿಟ್ಟರೆ ಕರುಳು ಮತ್ತೆ ಚಿಗುರುತ್ತದೆ.

ಯಾರಾದರೂ "ಇದು ಫಾರಿನ್ ಕಾಯಿಲೆ" ಅಂದರೆ ಹೇಳಲು ಒಂದೆರಡು ಅಂಕಿ ಇಟ್ಟುಕೊಳ್ಳಿ. ದೆಹಲಿಯ ಕಡೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 96 ಜನರಲ್ಲಿ ಒಬ್ಬರಿಗೆ ಸೀಲಿಯಾಕ್ ಕಂಡಿತ್ತು. 2016ರಲ್ಲಿ ಬಂದ ಇನ್ನೊಂದು ಅಧ್ಯಯನ ದೇಶದ ಮೂರು ಭಾಗಗಳನ್ನು ಹೋಲಿಸಿತು. ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10.

ದಕ್ಷಿಣದಲ್ಲಿ ಇಷ್ಟು ಕಡಿಮೆಯಾ, ಹಾಗಾದರೆ ನಮಗ್ಯಾಕೆ ಚಿಂತೆ ಅಂತ ಕೇಳುವವರಿಗೆ ಅದೇ ಅಧ್ಯಯನದ ಇನ್ನೊಂದು ಸಾಲು ತೋರಿಸಿ. ಈ ಕಾಯಿಲೆಗೆ ದಾರಿ ಮಾಡಿಕೊಡುವ ಜೀನ್‌ಗಳು ಮೂರೂ ಕಡೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಇದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಜೀನ್ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಹೆದರಿಸಬೇಡಿ. ಆದರೆ ನಮ್ಮ ಮನೆಗಳಲ್ಲಿ ಈಗ ಏನು ನಡೆದಿದೆ ನೋಡಿ. ಸಕ್ಕರೆ ಕಾಯಿಲೆ ಅಂತ ರಾತ್ರಿ ಚಪಾತಿ, ಬೆಳಗ್ಗೆ ಅವಸರಕ್ಕೆ ಉಪ್ಪಿಟ್ಟು, ಸಂಜೆ ಬಿಸ್ಕತ್ತು, ಭಾನುವಾರ ಪರೋಟ. ಆ 25 ಗ್ರಾಂ ನಮ್ಮ ಬೀದಿಯಲ್ಲಂತೂ ಯಾರ ಮನೆಯಲ್ಲೂ ಉಳಿದಿಲ್ಲ.

ಹೆಜ್ಜೆ 2: ಎರಡೇ ಮಾತು ಇಟ್ಟುಕೊಳ್ಳಿ

ನಾನು ಮಾಡಿದ ದೊಡ್ಡ ತಪ್ಪು ಎಲ್ಲರಿಗೂ ಎಲ್ಲವನ್ನೂ ಹೇಳಲು ಹೋಗಿದ್ದು. ಹತ್ತು ನಿಮಿಷ ಮಾತಾಡಿದ ಮೇಲೆ ಪಕ್ಕದ ಮನೆಯವರಿಗೆ ಉಳಿದದ್ದು "ಗೋಧಿ ಕೆಟ್ಟದ್ದಂತೆ" ಅನ್ನುವುದೊಂದೇ. ಅವರು ಮರುದಿನವೇ ಗೋಧಿ ಬಿಟ್ಟರು. ಅದು ಉಪಕಾರ ಆಗಲಿಲ್ಲ.

ಈಗ ನಾನು ಎರಡೇ ಮಾತು ಹೇಳುತ್ತೇನೆ.

ಒಂದು, ಅನುಮಾನ ಇದ್ದರೆ ಪರೀಕ್ಷೆ ಆಗುವವರೆಗೆ ಗೋಧಿ ಬಿಡಬೇಡಿ.

ಎರಡು, ಕಾಯಿಲೆ ಇದೆ ಅಂತ ಗೊತ್ತಾದ ಮೇಲೆ ಚಿಟಿಕೆಯೂ ಬೇಡ.

ಮೊದಲನೆಯದು ಜನರಿಗೆ ವಿಚಿತ್ರ ಅನಿಸುತ್ತದೆ, ಅದಕ್ಕೇ ಬಿಡಿಸಿ ಹೇಳಬೇಕು. ರಕ್ತ ಪರೀಕ್ಷೆ ನೋಡುವುದು ಗ್ಲುಟೆನ್‌ಗೆ ದೇಹ ತೋರಿದ ಸಿಟ್ಟನ್ನು. ತಿನ್ನುವುದು ನಿಲ್ಲಿಸಿದರೆ ಸಿಟ್ಟು ಇಳಿಯುತ್ತದೆ, ರಿಪೋರ್ಟು ಚೆನ್ನಾಗಿ ಬರುತ್ತದೆ, ಕಾಯಿಲೆ ಮುಚ್ಚಿಹೋಗುತ್ತದೆ. ಆಮೇಲೆ ಖಚಿತ ಮಾಡಿಕೊಳ್ಳಲು ಡಾಕ್ಟರು ಮತ್ತೆ ಕೆಲವು ವಾರ ಗೋಧಿ ತಿನ್ನಿಸಬೇಕಾಗುತ್ತದೆ. ಹೊಟ್ಟೆ ನೋವು ಹೋಯಿತು ಅಂತ ಖುಷಿಯಲ್ಲಿರುವ ಮಗುವಿಗೆ ಮತ್ತೆ ಚಪಾತಿ ತಿನ್ನಿಸುವುದು ಯಾವ ತಾಯಿಗೂ ಬೇಡ.

ಎರಡನೆಯದಕ್ಕೆ ಲೆಕ್ಕ ತೋರಿಸಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಹೊಟ್ಟೆಗೆ ಹೋಗುತ್ತಿದ್ದರೂ ಕರುಳಿಗೆ ಹಾನಿ ಆಗಬಹುದು ಅಂತ ಸಂಶೋಧನೆ ಹೇಳುತ್ತದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಲ್ಲಿ ಗ್ಲುಟೆನ್ ಸುಮಾರು ಎರಡೂವರೆ ಗ್ರಾಂ. ಅಂದರೆ ಒಂದು ಚಪಾತಿಯನ್ನು ಐವತ್ತು ತುಂಡು ಮಾಡಿ, ಅದರಲ್ಲಿ ಒಂದು ತುಂಡು. ನಾನು ಒಮ್ಮೆ ನಾದಿನಿಯ ಮುಂದೆ ನಿಜಕ್ಕೂ ಚಪಾತಿ ಹರಿದು ತೋರಿಸಿದೆ. ಅವತ್ತಿನಿಂದ "ಒಂಚೂರು" ಅನ್ನುವ ಪದ ಅವರ ಬಾಯಲ್ಲಿ ಬಂದಿಲ್ಲ.

ಹೆಜ್ಜೆ 3: ಅಡುಗೆ ಮನೆಯ ಪದಗಳನ್ನು ಬಿಡಿಸಿ

ನಮ್ಮ ಭಾಷೆಯಲ್ಲೇ ಕೆಲವು ಗುಂಡಿಗಳಿವೆ. ನೆಂಟರಿಗೆ, ಅಡುಗೆಯವರಿಗೆ ಹೇಳುವಾಗ ಇವನ್ನು ಒಂದೊಂದಾಗಿ ತೋರಿಸಿ.

ರವೆ. ಇಡ್ಲಿ ರವೆ ಅಕ್ಕಿಯದು, ಆಗುತ್ತದೆ. ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ ಗೋಧಿಯದು, ಆಗುವುದಿಲ್ಲ. "ಇಡ್ಲಿ ತಿನ್ನಬಹುದು" ಅಂದರೆ ರವೆ ಇಡ್ಲಿ ತಂದು ಮುಂದಿಡುತ್ತಾರೆ. ಅದು ಗೋಧಿ.

ಮಾಲ್ಟ್. ಮನೆಯಲ್ಲಿ ರಾಗಿ ಮೊಳಕೆ ಕಟ್ಟಿ, ಹುರಿದು, ಬೀಸಿ ಮಾಡುವ ರಾಗಿ ಮಾಲ್ಟ್ ಒಳ್ಳೆಯದು. ಪ್ಯಾಕೆಟ್ಟಿನ ಮೇಲೆ ಸುಮ್ನೆ ಮಾಲ್ಟ್ ಅಂತ ಇದ್ದರೆ ಅದು ಸಾಮಾನ್ಯವಾಗಿ ಬಾರ್ಲಿ. ಹಾರ್ಲಿಕ್ಸ್‌ನಂಥ ಪುಡಿಯಲ್ಲಿ ಬಾರ್ಲಿ, ಗೋಧಿ ಎರಡೂ ಇವೆ. ಮಗು ಸಣಕಲಾಗಿದೆ ಅಂತ ನಾವು ಮೂರು ವರ್ಷ ಅಂಥದ್ದನ್ನೇ ಹಾಲಿಗೆ ಬೆರೆಸಿ ಕೊಟ್ಟಿದ್ದೆವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಜವೆಗೋಧಿ. ನಿಘಂಟಿನಲ್ಲಿ ಇದು ಬಾರ್ಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಕಪ್ಲಿ ಗೋಧಿಗೂ ಇದೇ ಹೆಸರು, ಸದಕ ಅಂತಲೂ ಕರೆಯುತ್ತಾರೆ. ಹುಗ್ಗಿಗೆ, ಮಾದಲಿಗೆ ಅದರ ರುಚಿಯೇ ಬೇರೆ, ಒಪ್ಪುತ್ತೇನೆ. ಆದರೆ "ಹಳೇ ತಳಿ, ಗ್ಲುಟೆನ್ ಇಲ್ಲ" ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಸುಳ್ಳು. ಕಪ್ಲಿಯೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ.

ರಾಗಿ ಬಿಸ್ಕತ್ತು, ರಾಗಿ ಶಾವಿಗೆ. ಹೆಸರು ರಾಗಿಯದು, ಒಳಗೆ ಮೈದಾ ಅಥವಾ ಗೋಧಿ ಬೆರೆತಿರುವುದು ತುಂಬ ಮಾಮೂಲು. ಹಿಂದಿನ ಸಣ್ಣಕ್ಷರ ಓದದೆ ಬುಟ್ಟಿಗೆ ಹಾಕಬೇಡಿ.

ಇನ್ನು ಇಂಗು. ಶುದ್ಧ ಇಂಗು ತುಂಬ ಗಾಟು, ಅದಕ್ಕೆ ಹಿಟ್ಟು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಬಹಳ ಸಲ ಆ ಹಿಟ್ಟು ಗೋಧಿ ಅಥವಾ ಮೈದಾ. ಅನ್ನ ಸಾರು ಅಂದರೆ ಸೇಫ್ ಅಂತ ನಾವು ತಿಂಗಳುಗಟ್ಟಲೆ ಕೂತಿದ್ದೆವು. ಒಗ್ಗರಣೆಯಲ್ಲೇ ಕಳ್ಳ ಇದ್ದ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಲೇಬಲ್ ನೋಡಿ ತನ್ನಿ. ಜನರಿಗೆ ಈ ಕಾಯಿಲೆಯ ಸೂಕ್ಷ್ಮ ತಿಳಿಸಲು ಇಂಗಿನ ಡಬ್ಬಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಎಲ್ಲರ ಮನೆಯಲ್ಲೂ ಇದೆ, ಯಾರೂ ಅದರ ಹಿಂದೆ ಏನು ಬರೆದಿದೆ ಅಂತ ಓದಿಲ್ಲ. ನಾನು ಯಾರ ಮನೆಗೆ ಹೋದರೂ "ನಿಮ್ಮ ಇಂಗಿನ ಡಬ್ಬಿ ತನ್ನಿ ನೋಡೋಣ" ಅಂತಲೇ ಮಾತು ಶುರು ಮಾಡುವುದು.

ಹೆಜ್ಜೆ 4: ಹಿಟ್ಟಿನ ಗಿರಣಿಗೆ ಹೋಗಿ

ಡಾಕ್ಟರಿಗಿಂತ, ಶಾಲೆಗಿಂತ ಮೊದಲು ಗಿರಣಿಗೆ ಹೋಗಿ ಅನ್ನುತ್ತೇನೆ. ರಾಗಿ, ಜೋಳ, ನವಣೆ, ಸಜ್ಜೆ ಎಲ್ಲ ಹುಟ್ಟಿನಿಂದ ಗ್ಲುಟೆನ್ ಇಲ್ಲದ ಧಾನ್ಯಗಳು. ಅವು ಕೆಡುವುದು ಗಿರಣಿಯಲ್ಲಿ. ನಿಮ್ಮ ಮುಂದಿನವರು ಗೋಧಿ ಹಾಕಿಸಿ ಹೋಗಿರುತ್ತಾರೆ. ಕಲ್ಲಿನ ನಡುವೆ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ, ಕೆಳಗಿನ ಡಬ್ಬಿಯಲ್ಲಿ ಹಿಟ್ಟು ಉಳಿದಿರುತ್ತದೆ. ಅದು ನಿಮ್ಮ ರಾಗಿಯ ಜೊತೆ ಮನೆಗೆ ಬರುತ್ತದೆ.

ಎಷ್ಟು ಬಂದರೆ ಜಾಸ್ತಿ? ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, "ಗ್ಲುಟೆನ್ ಫ್ರೀ" ಅಂತ ಬರೆಯಲು ಇಟ್ಟಿರುವ ಮಿತಿ ಒಂದು ಕೆಜಿಗೆ 20 ಮಿಲಿಗ್ರಾಂ. ಐದು ಕೆಜಿ ರಾಗಿ ಹಿಟ್ಟಿಗೆ ಒಂದೇ ಒಂದು ಟೀ ಚಮಚ ಗೋಧಿ ಹಿಟ್ಟು ಸೇರಿದರೂ ಆ ಮಿತಿ ದಾಟಿಹೋಗುತ್ತದೆ. ಗಿರಣಿಯ ಬಟ್ಟೆ ಒದರಿದರೆ ಬೀಳುವುದು ಒಂದು ಚಮಚಕ್ಕಿಂತ ಜಾಸ್ತಿ.

ನಮ್ಮ ಗಿರಣಿಯವರಿಗೆ ನಾನು ಕರುಳು, ಪ್ರೋಟೀನು ಅಂತೆಲ್ಲ ಹೇಳಿದೆ. ಅವರು ತಲೆ ಆಡಿಸಿದರು, ಏನೂ ಬದಲಾಗಲಿಲ್ಲ. ಒಂದು ದಿನ ಅಲ್ಲೇ ನಿಂತಾಗ ಒಬ್ಬರು ಖಾರದ ಪುಡಿ ಮಾಡಿಸಲು ಬಂದರು. ಅದಕ್ಕೆ ಬೇರೆ ಮಿಷನ್ನು, ಎಲ್ಲ ಊರಲ್ಲೂ ಇರುವ ಪದ್ಧತಿ. ನನಗೆ ಥಟ್ಟನೆ ಹೊಳೆಯಿತು. "ಅಣ್ಣ, ಮೆಣಸಿನಕಾಯಿ ಹಾಕಿದ ಮಿಷನ್ನಿಗೆ ರಾಗಿ ಹಾಕ್ತೀರಾ?" ಅಂದೆ. "ಹಾಕಿದ್ರೆ ಜನ ಹೊಡೀತಾರ್ರೀ" ಅಂದರು. "ನನ್ನ ಮಗನಿಗೆ ಗೋಧಿನೇ ಖಾರದ ಪುಡಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಲೆಯಲ್ಲಿದ್ದ ಅಕ್ಕಿ ಮಿಷನ್ನು ತೋರಿಸಿದರು.

ಹಾಗಾಗಿ ಗಿರಣಿಯಲ್ಲಿ ಕೇಳಬೇಕಾದ್ದು ಇಷ್ಟು. ಗೋಧಿ ಹಾಕದೇ ಇರುವ ಮಿಷನ್ನು ಇದೆಯಾ? ಇಲ್ಲದಿದ್ದರೆ ಒಂದನ್ನು ಅಕ್ಕಿ, ರಾಗಿ, ಜೋಳಕ್ಕೇ ಬಿಡಲು ಆಗುತ್ತದಾ? ಬಟ್ಟೆ ಮತ್ತು ಡಬ್ಬಿ ನಾವೇ ತಂದರೆ ಕಟ್ಟುತ್ತೀರಾ? "ಮೊದಲು ಎರಡು ಕೆಜಿ ಅಕ್ಕಿ ಓಡಿಸಿ ಆಮೇಲೆ ನಿಮ್ಮದು ಹಾಕುತ್ತೇವೆ" ಅಂದರೆ ಅದು ಪೂರ್ತಿ ಭರವಸೆ ಅಲ್ಲ. ಯಾವುದೂ ಆಗದಿದ್ದರೆ ಮನೆಯಲ್ಲೇ ಇಡುವ ಸಣ್ಣ ಗಿರಣಿ ಕೊಳ್ಳುವುದು ಒಳ್ಳೆಯದು. ಊರಲ್ಲಿ ಇಂಥ ಎರಡು ಮನೆ ಇದ್ದರೆ ಕೂಡಿ ಕೊಳ್ಳಬಹುದು.

ಕಾಳನ್ನೂ ನೋಡಿ. ಜೋಳ ಕೇರುವಾಗ ಗೋಧಿ ಕಾಳು ಕಣ್ಣಿಗೆ ಕಾಣುತ್ತದೆ, ಆರಿಸಿ ತೆಗೆಯಬಹುದು. ಆರಿಸಿ, ತೊಳೆದು, ಒಣಗಿಸಿ ಬೀಸಿದ ಹಿಟ್ಟಿಗೆ ಸಮ ಯಾವುದೂ ಇಲ್ಲ. ಅಂಗಡಿಯ ದುಬಾರಿ ಗ್ಲುಟೆನ್ ಫ್ರೀ ಬ್ರೆಡ್ಡು ನಮ್ಮ ಮಗನೂ ತಿಂದು ನೋಡಿದ, ಮರದ ಪುಡಿ ಥರ ಇದೆ ಅಂದ. ಬಿಸಿ ಅಕ್ಕಿ ರೊಟ್ಟಿ ಮುಂದೆ ಅದೇನು ಬಿಡಿ.

ಹೆಜ್ಜೆ 5: ಶಾಲೆಯಲ್ಲಿ ಭಾಷಣ ಬೇಡ, ಹಿಟ್ಟು ತೊಳೆಯಿರಿ

ಮಕ್ಕಳಿಗೆ ಒಂದು ಪ್ರಯೋಗ ತೋರಿಸಿ. ಒಂದು ಮುಷ್ಟಿ ಮೈದಾ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಬೋಗುಣಿ ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಬದಲಾಯಿಸುತ್ತಾ ಹೋದರೆ ಕೊನೆಗೆ ಕೈಯಲ್ಲಿ ಚ್ಯೂಯಿಂಗ್ ಗಮ್ ಥರದ ಅಂಟು ಉಂಡೆ ಉಳಿಯುತ್ತದೆ. ಅದೇ ಗ್ಲುಟೆನ್. ಇನ್ನೊಂದು ಬೋಗುಣಿಯಲ್ಲಿ ಅಕ್ಕಿ ಹಿಟ್ಟಿಗೆ ಹೀಗೇ ಮಾಡಿ. ಕೈಯಲ್ಲಿ ಏನೂ ಉಳಿಯುವುದಿಲ್ಲ, ಎಲ್ಲ ಕರಗಿ ಹೋಗುತ್ತದೆ. ಮಕ್ಕಳು ಆ ಉಂಡೆ ಎಳೆದೆಳೆದು ನೋಡುತ್ತಾರೆ. ಮನೆಗೆ ಹೋಗಿ ಅಮ್ಮನಿಗೆ ಹೇಳುತ್ತಾರೆ. ಸ್ವಸಹಾಯ ಸಂಘದ ಸಭೆಯಲ್ಲೂ ಇದೇ ಮಾಡಿದೆ, ಹೆಂಗಸರು ಮಕ್ಕಳಿಗಿಂತ ಜಾಸ್ತಿ ಹೊತ್ತು ಎಳೆದು ನೋಡಿದರು.

ಕೈ ತೊಳೆಯುವ ಹೊತ್ತಿಗೆ ಒಂದು ಕಥೆಯನ್ನೂ ಹೇಳಬಹುದು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944–45. ನೆದರ್‌ಲ್ಯಾಂಡ್ಸ್‌ನಲ್ಲಿ ಘೋರ ಬರ. ಬ್ರೆಡ್ಡು ಸಿಗುತ್ತಿರಲಿಲ್ಲ, ಜನ ಟುಲಿಪ್ ಹೂವಿನ ಗಡ್ಡೆ ತಿಂದು ಬದುಕಿದರು. ಆಗ ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರು ಒಂದು ವಿಷಯ ಗಮನಿಸಿದರು. ಎಲ್ಲರೂ ಸೊರಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಸುಧಾರಿಸುತ್ತಿದ್ದರು. ಬ್ರೆಡ್ಡು ಮತ್ತೆ ಬಂದಾಗ ಅದೇ ಮಕ್ಕಳು ಮತ್ತೆ ಕಾಯಿಲೆ ಬಿದ್ದರು. ಗೋಧಿಯ ಮೇಲೆ ಅವರಿಗೆ ಯುದ್ಧಕ್ಕೆ ಮೊದಲೇ ಅನುಮಾನ ಇತ್ತು, ಬರ ಅದನ್ನು ಗಟ್ಟಿ ಮಾಡಿತು. 1950ರಲ್ಲಿ ಅವರ ಪ್ರಬಂಧ ಬಂತು. ಮಕ್ಕಳು ಟುಲಿಪ್ ಗಡ್ಡೆಯ ರುಚಿ ಹೇಗಿರುತ್ತೆ ಅಂತ ಕೇಳುತ್ತಾರೆ. ನನಗೂ ಗೊತ್ತಿಲ್ಲ ಅನ್ನುತ್ತೇನೆ.

ಶಾಲೆಗೆ ಸೀಲಿಯಾಕ್ ಇರುವ ಮಗು ಹೋಗುತ್ತಿದ್ದರೆ ಕ್ಲಾಸ್ ಟೀಚರಿಗೂ ಬಿಸಿಯೂಟದ ಅಡುಗೆಯವರಿಗೂ ಬೇರೆ ಬೇರೆಯಾಗಿ ಹೇಳಿ. ಟೀಚರಿಗೆ ಹೇಳಿದ್ದು ಅಡುಗೆ ಮನೆಗೆ ತಲುಪುವುದಿಲ್ಲ. ಅನ್ನ ಸಾಂಬಾರಿನ ದಿನ ಇಂಗು ಕೇಳಿ, ಉಪ್ಪಿಟ್ಟಿನ ದಿನ ಡಬ್ಬಿ ಕಳಿಸಿ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ, ಆ ಪುಡಿಯ ಪ್ಯಾಕೆಟ್ಟಿನ ಮೇಲೆ ಏನೇನು ಬರೆದಿದೆ ಅಂತ ಒಮ್ಮೆ ಓದಿ. ಹುಟ್ಟುಹಬ್ಬದ ಕೇಕು ದೊಡ್ಡ ತಲೆನೋವು. ಟೀಚರ ಬೀರುವಿನಲ್ಲಿ ಕಡಲೆ ಚಿಕ್ಕಿಯ ಸಣ್ಣ ಡಬ್ಬಿ ಇಟ್ಟಿದ್ದೇವೆ, ಯಾರದ್ದಾದರೂ ಹುಟ್ಟುಹಬ್ಬ ಇದ್ದರೆ ಅವನಿಗೆ ಅದು.

ಹೆಜ್ಜೆ 6: ಹೋಟೆಲು, ಮದುವೆ, ಪ್ರಸಾದ

ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ. ಸಪ್ಲೈಯರಿಗೆ ಬಾಯಲ್ಲಿ ಹೇಳಿದ್ದು ಒಲೆ ತನಕ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ಚೀಟಿ ಹೋಗುತ್ತದೆ. ನಮ್ಮದು ಹೀಗಿದೆ, ಬೇಕಾದರೆ ಹಾಗೇ ಬಳಸಿ:

"ನನಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಮೈದಾ, ರವೆ, ಶಾವಿಗೆ, ಬಾರ್ಲಿ ಸ್ವಲ್ಪವೂ ತಿನ್ನುವಂತಿಲ್ಲ. ಡಬ್ಬಿ ಇಂಗು, ಸೋಯಾ ಸಾಸ್ ಕೂಡ ಬೇಡ. ಅಕ್ಕಿ, ರಾಗಿ, ಜೋಳ, ಬೇಳೆ, ತರಕಾರಿ, ಹಾಲು, ಮೊಟ್ಟೆ ಆಗುತ್ತದೆ. ಚಪಾತಿ ಮಾಡಿದ ಹಂಚು, ಪೂರಿ ಕರಿದ ಎಣ್ಣೆ, ಹಿಟ್ಟು ತಾಗಿದ ಸೌಟು ಬಳಸಬೇಡಿ. ಸಂಶಯ ಇದ್ದರೆ ಕೊಡಬೇಡಿ, ನನಗೆ ಬೇಜಾರಿಲ್ಲ."

ಕೊನೆಯ ಸಾಲು ತುಂಬ ಮುಖ್ಯ. ಇಲ್ಲ ಅನ್ನುವುದು ನಮ್ಮ ಹೋಟೆಲಿನವರಿಗೆ ಅವಮಾನ ಅನಿಸುತ್ತದೆ. ಇಲ್ಲ ಅನ್ನಲು ಅವರಿಗೆ ನೀವೇ ದಾರಿ ಮಾಡಿಕೊಡಬೇಕು.

ಕೇಳುವ ಪ್ರಶ್ನೆಗಳೂ ಊರಿಗೆ ತಕ್ಕಂತೆ ಇರಲಿ. ನಮ್ಮಲ್ಲಿ ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆ ಆಗುವುದಿಲ್ಲ. ಮಂಡಕ್ಕಿ ಅಕ್ಕಿಯದು, ಮಿರ್ಚಿ ಕಡಲೆ ಹಿಟ್ಟಿನದು. ಆದರೆ ಅದೇ ಎಣ್ಣೆಯಲ್ಲಿ ಮೈದಾದ ಮಂಗಳೂರು ಬೋಂಡ ಬೇಯುತ್ತಿದೆಯಾ? ದೋಸೆ ಗರಿಗರಿ ಆಗಲಿ ಅಂತ ಹಿಟ್ಟಿಗೆ ರವೆಯನ್ನೋ ಮೈದಾವನ್ನೋ ಹಾಕಿದ್ದಾರಾ? ಖಾನಾವಳಿಯಲ್ಲಿ ಜೋಳದ ರೊಟ್ಟಿಗೂ ಚಪಾತಿಗೂ ಒಂದೇ ಹಂಚಾ? ಮದ್ದೂರು ವಡೆ ಕೇಳುವುದೇ ಬೇಡ, ಅದರಲ್ಲಿ ರವೆ, ಮೈದಾ ಎರಡೂ ಇವೆ. ಕೋಡುಬಳೆ, ನಿಪ್ಪಟ್ಟು ಮನೆಮನೆಗೆ ಬೇರೆ, ಕೇಳಿಯೇ ತಿನ್ನಬೇಕು. ಹತ್ತು ಅಥವಾ ಜಾಸ್ತಿ ಕಡೆ ಶಾಖೆ ಇರುವ ದೊಡ್ಡ ಹೋಟೆಲುಗಳು ಅಲರ್ಜಿ ಉಂಟುಮಾಡುವ ಪದಾರ್ಥಗಳ ಮಾಹಿತಿ ಕೊಡಬೇಕು ಅಂತ ನಿಯಮವೇ ಇದೆ. ಅಂಥ ಕಡೆ ಧೈರ್ಯವಾಗಿ ಕೇಳಿ.

ಪ್ರಸಾದದ ವಿಷಯ ನಾಜೂಕು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗೆ ನೋಡುತ್ತಾರೆ. ಈಗ ನಾನು ಪೂಜೆಗೆ ಮೊದಲೇ ಫೋನ್ ಮಾಡಿ ಹೇಳುತ್ತೇನೆ. ಪಂಚಾಮೃತ, ಬಾಳೆಹಣ್ಣು ಸಪಾದ ಭಕ್ಷ್ಯದ ಪಕ್ಕಕ್ಕಿಡದೆ ಬೇರೆ ಇಡುತ್ತಾರೆ. ಮಗ ಭಕ್ಷ್ಯವನ್ನು ಕಣ್ಣಿಗೆ ಒತ್ತಿಕೊಂಡು ತಂಗಿಗೆ ಕೊಟ್ಟು ಕೈ ತೊಳೆಯುತ್ತಾನೆ. ಒಬ್ಬ ಪುರೋಹಿತರು ಈಚೆಗೆ ಬೇರೆ ಮನೆಯಲ್ಲೂ "ಯಾರಿಗಾದರೂ ಗೋಧಿ ಆಗಲ್ವಾ" ಅಂತ ಕೇಳಿದರಂತೆ. ಚರ್ಚಿಗೆ ಹೋಗುವವರಿಗೂ ಇದೇ ಸಮಸ್ಯೆ, ಪ್ರಸಾದದ ರೊಟ್ಟಿ ಗೋಧಿಯದು. ಗ್ಲುಟೆನ್ ತೀರಾ ಕಡಿಮೆ ಇರುವ ರೊಟ್ಟಿಗೆ ಕ್ಯಾಥೋಲಿಕ್ ಚರ್ಚು ಒಪ್ಪಿಗೆ ಕೊಟ್ಟಿದೆ, ಪಾದ್ರಿಗಳ ಜೊತೆ ಮೊದಲೇ ಮಾತಾಡಿ.

ಹೆಜ್ಜೆ 7: ಆಶಾ ಕಾರ್ಯಕರ್ತೆಗೆ, ಡಾಕ್ಟರಿಗೆ

ಡಾಕ್ಟರಿಗೆ ಪಾಠ ಹೇಳಲು ಹೋಗಬೇಡಿ. ಜನರ ಕೈಗೆ ಒಂದು ಪ್ರಶ್ನೆ ಕೊಡಿ: "ಇದು ಸೀಲಿಯಾಕ್ ಇರಬಹುದಾ, ಟಿಟಿಜಿ ಪರೀಕ್ಷೆ ಮಾಡಿಸಬೇಕಾ?" ಅಷ್ಟು ಸಾಕು. ಟಿಟಿಜಿ ಅಂದರೆ ಸೀಲಿಯಾಕ್ ಪತ್ತೆಗೆ ಮಾಡುವ ರಕ್ತ ಪರೀಕ್ಷೆ.

ಯಾರು ಕೇಳಬೇಕು? ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರದವರು. ವಯಸ್ಸಿಗೆ ತಕ್ಕ ಎತ್ತರ ಬಾರದ ಮಕ್ಕಳು. ವರ್ಷಗಟ್ಟಲೆ ಭೇದಿ, ಹೊಟ್ಟೆ ಉಬ್ಬರ ಇರುವವರು. ಮತ್ತೆ ಮತ್ತೆ ಬಾಯಿ ಹುಣ್ಣಾಗುವವರು. ಮೊಣಕೈ, ಮೊಣಕಾಲಿನ ಮೇಲೆ ತುರಿಕೆಯ ಗುಳ್ಳೆ ಏಳುವವರು. ಚಿಕ್ಕ ವಯಸ್ಸಿಗೇ ಮೂಳೆ ಸವೆದವರು, ಕಾರಣ ಗೊತ್ತಾಗದೆ ಗರ್ಭ ನಿಲ್ಲದವರು. ಇನ್ಸುಲಿನ್ ಮೇಲಿರುವ ಟೈಪ್ 1 ಮಧುಮೇಹದ ಮಕ್ಕಳು. ಭೇದಿ ಇಲ್ಲವೇ ಇಲ್ಲ ಅನ್ನುವ ಎಷ್ಟೋ ಜನರಿಗೆ ಸೀಲಿಯಾಕ್ ಇರುತ್ತದೆ, ಇದನ್ನು ಒತ್ತಿ ಹೇಳಿ.

ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಕಾರಣ ಬೇರೆಯೇ. ಹಾಗಾಗಿ ಆಶಾ ಕಾರ್ಯಕರ್ತೆಗೆ ನಾನು ಹೇಳುವುದು, ಮಾತ್ರೆ ಸರಿಯಾಗಿ ತಗೊಂಡೂ ಏರದವರನ್ನು ಮಾತ್ರ ಡಾಕ್ಟರ ಹತ್ತಿರ ಕಳಿಸಿ ಅಂತ. ಅವರಿಗೆ ಆಗಲೇ ನೂರೆಂಟು ಕೆಲಸ.

ಟಿಟಿಜಿ ರಕ್ತ ಪರೀಕ್ಷೆಯ ಜೊತೆ ಒಟ್ಟು ಐಜಿಎ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಕೂಡ ನೋಡುವುದು ಒಳ್ಳೆಯದು. ಕೆಲವರ ಮೈಯಲ್ಲಿ ಐಜಿಎ ಕಡಿಮೆ ಇರುವುದರಿಂದ ಕಾಯಿಲೆ ಇದ್ದರೂ ಟಿಟಿಜಿ ಸುಳ್ಳು ಹೇಳುತ್ತದೆ. ಖಚಿತ ಮಾಡಲು ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಆ ಹೆಸರು ಕೇಳಿ ಜನ ಓಡಿಹೋಗುತ್ತಾರೆ. ಮಗನ ಕೈಲೇ ಹೇಳಿಸುತ್ತೇನೆ: "ನಿದ್ದೆ ಬಂತು, ಎದ್ದೆ, ಮುಗಿದಿತ್ತು."

ಹೆಜ್ಜೆ 8: ದಿನ ಆರಿಸಿ

ಅಂತಾರಾಷ್ಟ್ರೀಯ ಸೀಲಿಯಾಕ್ ದಿನ ಮೇ 16. ನಮ್ಮಲ್ಲಿ ಆಗ ಶಾಲೆಗೆ ರಜೆ, ಬಿಸಿಲು, ಅರ್ಧ ಊರು ಮದುವೆಯಲ್ಲಿ. ನನಗೆ ಸೆಪ್ಟೆಂಬರ್ ಒಳ್ಳೆಯದು ಅನಿಸಿದೆ. ಆಗ ರಾಷ್ಟ್ರೀಯ ಪೋಷಣ ಮಾಸ ನಡೆಯುತ್ತದೆ, ಅಂಗನವಾಡಿಗಳಲ್ಲಿ ಹೇಗೂ ಕಾರ್ಯಕ್ರಮ ಇರುತ್ತದೆ, ನಿಮಗೆ ಹದಿನೈದು ನಿಮಿಷ ಕೊಡುತ್ತಾರೆ. ಈ ಕಾಯಿಲೆಯನ್ನು 1888ರಲ್ಲಿ ವಿವರಿಸಿದ ಇಂಗ್ಲೆಂಡಿನ ಡಾಕ್ಟರು ಸ್ಯಾಮ್ಯುಯೆಲ್ ಗೀ ಹುಟ್ಟಿದ್ದೂ ಸೆಪ್ಟೆಂಬರ್ 13ಕ್ಕೆ. ಗಣೇಶನ ಹಬ್ಬವೂ ಬಹಳ ವರ್ಷ ಅದೇ ಹೊತ್ತಿಗೆ ಬರುತ್ತದೆ. ಮೈದಾದ ಕರಿಗಡುಬಿನ ಪಕ್ಕ ಅಕ್ಕಿ ಹಿಟ್ಟಿನ ಕಡುಬು ಇಟ್ಟು ತೋರಿಸಿದರೆ ಬೇರೆ ಚಾರ್ಟು ಯಾಕೆ ಬೇಕು? ಅಲ್ವಾ?

ಹೆಜ್ಜೆ 9: ಮನೆಯವರನ್ನು ಮರೆಯಬೇಡಿ

ಒಬ್ಬರಿಗೆ ಸೀಲಿಯಾಕ್ ಇದ್ದರೆ ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇದೆ. ಲಕ್ಷಣ ಇಲ್ಲದಿದ್ದರೂ ಇರಬಹುದು. ಹಾಗಾಗಿ ಅವರೆಲ್ಲ ಒಮ್ಮೆ ಪರೀಕ್ಷೆ ಮಾಡಿಸಬೇಕು. ಮಗಳದ್ದು ಮಾಡಿಸಿದೆವು, ಸದ್ಯಕ್ಕೆ ಇಲ್ಲ, ಕೆಲವು ವರ್ಷ ಬಿಟ್ಟು ಮತ್ತೆ ನೋಡಬೇಕು ಅಂದಿದ್ದಾರೆ. ನನ್ನದೂ ಆಯಿತು.

ಯಜಮಾನರದ್ದು ಇನ್ನೂ ಆಗಿಲ್ಲ. ಊರಿಗೆಲ್ಲ ಹೇಳಿ ಬಂದು ಮನೆಯಲ್ಲಿ ಸೋತವಳು ನಾನು. ಕೇಳಿದಾಗೆಲ್ಲ ಮುಂದಿನ ವಾರ ಅನ್ನುತ್ತಾರೆ. ಮೊನ್ನೆ ಹೊರಗೆ ಹೋದಾಗ ಮೂರನೇ ಚಪಾತಿ ಹಾಕಿಸಿಕೊಂಡರು. ನಾನು ನೋಡಿದೆ. "ಪರೀಕ್ಷೆ ಆಗೋವರೆಗೆ ಗೋಧಿ ಬಿಡಬೇಡಿ ಅಂತ ನೀನೇ ಹೇಳ್ತೀಯಲ್ವಾ?" ಅಂದರು.